ಬೇಸ್ತವಾರದವನು

ನಾನು ಬೇಸ್ತವಾರದವನು. ಇಪ್ಪತ್ತಾರು ವರ್ಷ ಹಾಗೆ ನಂಬಿದ್ದೆ, ಊರೂ ನಂಬಿತ್ತು. ನಮ್ಮೂರಲ್ಲಿ ಯಾರದಾದರೂ ಗುರುತು ಹೇಳುವಾಗ ಹೆಸರಿಗಿಂತ ಮೊದಲು ವಾರ ಬರುತ್ತಿತ್ತು. ಶನಿವಾರದ ಕ್ಷೌರಿಕ, ಸೋಮವಾರದ ಸೂಲಗಿತ್ತಿ, ಆಯ್ತವಾರದ ಮಾಸ್ತರು. ಅವರವರ ವಾರದಂದೇ ಅವರವರು ಸಾಯುತ್ತಿದ್ದರು. ಯಾವ ವರ್ಷ, ಯಾವ ತಿಂಗಳು ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ವಾರ ಮಾತ್ರ ಗೊತ್ತಿತ್ತು, ಮತ್ತು ಅದು ಎಂದೂ ತಪ್ಪಿದ್ದಿಲ್ಲ. ಹುಟ್ಟಿದ ಮೊದಲ ಏಳು ದಿನಗಳಲ್ಲಿ ಕೂಸು ಒಂದು ದಿನ ಅಳುವುದಿಲ್ಲ. ಹಸಿದರೂ ಇರುವೆ ಕಚ್ಚಿದರೂ ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿರುತ್ತದೆ. ಆ ದಿನವೇ ಅದರ ವಾರ. ತಾಯಿ ನೋಡಿ ಹೇಳಬೇಕು, ಊರು ಕೇಳಿ ನಂಬಬೇಕು.

ಈಗ ನಾನಿರುವ ಊರಿನಲ್ಲಿ ಯಾರಿಗೂ ವಾರವಿಲ್ಲ. ಇಲ್ಲಿಯ ಬೇಸ್ತವಾರ ಬೇರೆ ದಿನಗಳ ಹಾಗೇ ಬಂದು ಹೋಗುತ್ತದೆ. ಆದರೂ ಆ ದಿನ ಬೆಳಿಗ್ಗೆ ಎಚ್ಚರವಾದ ಕೂಡಲೇ ನನ್ನ ಮೂಗಿಗೆ ಬೆಚ್ಚಗಿನ ಕುಸುಬೆ ಎಣ್ಣೆಯ ವಾಸನೆ ಬರುತ್ತದೆ. ನಮ್ಮಲ್ಲಿ ‘ವಾರ ಕೂರುವುದು’ ಎನ್ನುತ್ತಿದ್ದರು. ತಮ್ಮ ವಾರದಂದು ಮನುಷ್ಯ ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ. ಪಡಸಾಲೆಯಲ್ಲಿ ಜಮಖಾನ ಹಾಸಿ ಕೂರಿಸುತ್ತಿದ್ದರು. ಗಂಟಲಿಗೆ ಸಿಕ್ಕಿಕೊಳ್ಳದ ಹಾಗೆ ಮೆತ್ತಗಿನ ಅನ್ನ, ಮೇಲೆ ತುಪ್ಪ. ಅವ್ವ ಬೇಸ್ತವಾರ ನನ್ನ ಅಂಗಾಲಿಗೆ ಎಣ್ಣೆ ತಿಕ್ಕುತ್ತ ಕೂರುತ್ತಿದ್ದಳು. ಸಾಲೆ ಇಲ್ಲ, ಬೈಗಳಿಲ್ಲ. ವಾರ ಕೂತವರ ಜೊತೆ ಯಾರೂ ಜಗಳವಾಡಬಾರದು ಎಂಬುದು ಊರಿನ ಮರ್ಯಾದೆ. ಎದುರುಮನೆಯ ಹುಡುಗ ನನ್ನ ಬುಗುರಿ ಕಸಿದುಕೊಂಡು ಓಡಿದಾಗ ಅವನ ತಾಯಿ ಅವನ ಕಿವಿ ಹಿಡಿದು ಎಳೆದುಕೊಂಡು ಬಂದು, “ಇವತ್ತು ಅವಂದು ಬೇಸ್ತವಾರಲೇ! ನಾಳೆ ಬೇಕಾದ್ರ ಹೊಡದಾಡ್ರಿ” ಎಂದಿದ್ದಳು. ಮರುದಿನ ನಾವು ಹೊಡೆದಾಡಿದೆವು. ನನ್ನ ಒಂದು ಹಲ್ಲು ಹೋಯಿತು.

ಅಪ್ಪನದೂ ಬೇಸ್ತವಾರ. ಒಂದೇ ಜಮಖಾನದ ಮೇಲೆ ಅಪ್ಪ, ನಾನು ಎದುರುಬದುರು ಕೂತು ಹುಲಿಕಟ್ಟು ಆಡುತ್ತಿದ್ದೆವು. ನನಗೆ ಒಂಬತ್ತು ವರ್ಷವಿದ್ದಾಗ ಅಂಥದೇ ಒಂದು ಬೇಸ್ತವಾರ ಅಪ್ಪ ಹುಲಿಯನ್ನು ಮುಂದಕ್ಕೆ ಸರಿಸಿ, “ಈಗೇನ್ ಮಾಡ್ತಿ?” ಎಂದ. ನಾನು ಬಹಳ ಹೊತ್ತು ಯೋಚಿಸಿ ಕುರಿ ಸರಿಸಿ ತಲೆ ಎತ್ತಿದರೆ ಅಪ್ಪ ಗೋಡೆಗೊರಗಿ ಹೋಗಿಬಿಟ್ಟಿದ್ದ. ಮೆತ್ತಗಿನ ಅನ್ನ, ತುಪ್ಪ, ಜಮಖಾನ ಎಲ್ಲ ಇತ್ತು. ಊರವರು ಬಂದು, ಸುಖದ ಸಾವು, ವಾರಕ್ಕೆ ಸರಿಯಾಗಿ ಹೋದ ಎಂದರು. ಅವ್ವ ಮಾತ್ರ ಅಪ್ಪನ ಮುಖ ನೋಡದೆ ನನ್ನ ಕೈಯನ್ನೇ ಹಿಡಿದುಕೊಂಡು ಕೂತಿದ್ದಳು.

ವಾರದ ದಿನ ಇಷ್ಟು ಜೋಪಾನ ಮಾಡುತ್ತಿದ್ದ ನಾವು ಉಳಿದ ಆರು ದಿನ ಹೇಗಿದ್ದೆವು ಎಂದು ಹೇಳಿದರೆ ಇಲ್ಲಿಯವರು ನಂಬುವುದಿಲ್ಲ. ಸಾಯುವುದಿಲ್ಲ ಎಂದು ಖಾತ್ರಿ ಇರುವ ಮನುಷ್ಯ ಏಣಿಯನ್ನು ಸರಿಯಾಗಿ ಆನಿಸುವುದಿಲ್ಲ. ಬಾವಿಗೆ ಕಟ್ಟೆ ಕಟ್ಟುವುದಿಲ್ಲ. ಹಾವು ಕಂಡರೆ ಕಾಲಲ್ಲಿ ಸರಿಸುತ್ತಾನೆ. ಹಾಗಂತ ಎಲುಬು ಮುರಿಯದೇ ಇರುವುದಿಲ್ಲ, ನೋವೂ ಬಿಡುವುದಿಲ್ಲ. ಊರಲ್ಲಿ ಅತಿ ಹೆಚ್ಚು ಕೆಲಸವಿದ್ದವನು ಎಲುಬು ಕೂರಿಸುವವನು. ಹೊಳೆ ದಾಟಿಸುವ ಕಡವಿನ ಹಿರಿಯ ನಾಗಪ್ಪ ಕಾಕಾನಿಗೆ ಮೂರೇ ಹಲ್ಲು, ಒಂದೇ ಕಿವಿ. ಒಂದೇ ತೆಂಗಿನಮರದಿಂದ ನಾಲ್ಕು ಸಲ ಬಿದ್ದವನು. ಐದನೆಯ ಸಲ ಹತ್ತಲು ಹೊರಟಾಗ ಅವನ ಹೆಂಡತಿ, “ಮರಾನಾದ್ರೂ ಬದಲಿ ಮಾಡು” ಎಂದಿದ್ದಳಂತೆ.

ನಮ್ಮೂರಿಗೆ ದಾರಿ ಎಂದರೆ ಹೊಳೆ. ಬಂಡೆ, ಸುಳಿ, ಮಡು ತುಂಬಿದ ಹೊಳೆ. ನಾನು ಹರಿಗೋಲು ಹಾಕುತ್ತಿದ್ದೆ. ಕಡವಿನಲ್ಲಿ ಒಂದು ಹಲಗೆಯ ಮೇಲೆ ದಿನಾ ಬೆಳಿಗ್ಗೆ ಸೀಮೆಸುಣ್ಣದಲ್ಲಿ, “ಇಂದು ಮಂಗಳವಾರ. ಮಂಗಳವಾರದವರು ಹತ್ತಬಾರದು” ಎಂದು ಆಯಾ ದಿನದ ಹೆಸರು ಬರೆಯುತ್ತಿದ್ದೆವು. ಅಷ್ಟೇ ನಮ್ಮ ಜಾಗ್ರತೆ. ಹರಿಗೋಲಿನ ತಳಕ್ಕೆ ಡಾಂಬರು ಬಳಿದು ವರ್ಷಗಳಾಗಿರುತ್ತಿದ್ದವು. ಒಳಗೆ ನೀರು ಬಂದರೆ ತಂಬಿಗೆಯಲ್ಲಿ ಮೊಗೆದು ಚೆಲ್ಲುತ್ತಿದ್ದೆವು. ಇಷ್ಟು ದೊಡ್ಡ ಹೊಳೆಯ ದಂಡೆಯಲ್ಲಿದ್ದೂ ಊರಿನ ಒಬ್ಬರಿಗೂ ಈಜು ಬರುತ್ತಿರಲಿಲ್ಲ.

ಒಬ್ಬರಿಗೂ ಎಂದರೆ ತಪ್ಪಾಗುತ್ತದೆ. ಹುಲಿಗೆವ್ವನಿಗೆ ಬರುತ್ತಿತ್ತು. ನನಗಿಂತ ಮೂರು ವರ್ಷ ದೊಡ್ಡವಳು. ಅವಳು ಹುಟ್ಟಿದ ವಾರ ಅವಳ ತಾಯಿ ಜ್ವರದಲ್ಲಿ ಮೈಮರೆತು ಬಿದ್ದಿದ್ದಳು. ಸೂಲಗಿತ್ತಿ ತನ್ನ ಸೋಮವಾರ ಕೂತವಳು ಮಂಗಳವಾರವೂ ಬರಲಿಲ್ಲ, ಆಮೇಲೂ ಬರಲಿಲ್ಲ. ಕೂಸು ಯಾವ ದಿನ ಅಳಲಿಲ್ಲ ಎಂದು ನೋಡುವವರೇ ಇರಲಿಲ್ಲ. ಊರು ಅವಳನ್ನು ಏಳುವಾರದಾಕಿ ಎಂದು ಕರೆಯಿತು. ಅವಳ ಜೊತೆ ಯಾರೂ ಒಂದೇ ಹರಿಗೋಲಿನಲ್ಲಿ ಕೂರುತ್ತಿರಲಿಲ್ಲ. ಅವಳ ಸಾವು ಯಾವಾಗ ಬೇಕಾದರೂ ಬರಬಹುದು, ಬಂದಾಗ ಪಕ್ಕದಲ್ಲಿದ್ದವರ ಕೈಕಾಲು ಸುಮ್ಮನೆ ಯಾಕೆ ಮುರಿಯಬೇಕು? ಸಾಲೆಯಲ್ಲಿ ಅವಳು ಬಾಗಿಲ ಹತ್ತಿರ ಒಬ್ಬಳೇ ಕೂರುತ್ತಿದ್ದಳು. ಅವಳಿಗೆ ಗಂಡು ನೋಡುವ ಮಾತು ಯಾರೂ ಎತ್ತಲಿಲ್ಲ. ಆಚೆ ದಡದ ಮೀನುಗಾರರಿಂದ ಈಜು ಕಲಿತಳು, ಬಿದಿರು ತಂದು ತಾನೇ ಹರಿಗೋಲು ಹೆಣೆದಳು. ದಿನಾ ತಳ ನೋಡುತ್ತಿದ್ದಳು, ದಿನಾ ಹಗ್ಗ ಜಗ್ಗಿ ಪರೀಕ್ಷೆ ಮಾಡುತ್ತಿದ್ದಳು. ನಾವು ದಂಡೆಯಲ್ಲಿ ಕೂತು ನಗುತ್ತಿದ್ದೆವು.

ಅವಳದು ಇನ್ನೊಂದು ಅಭ್ಯಾಸವಿತ್ತು. ನಮ್ಮೂರಲ್ಲಿ ಮನೆ ಬಿಡುವಾಗ ಎಲ್ಲರೂ “ಹೊಕ್ಕೀನಿ”, ಹೋಗುತ್ತೇನೆ, ಅನ್ನುತ್ತಿದ್ದರು. ಬಂದೇ ಬರುತ್ತೇವಲ್ಲ, ಬರುತ್ತೇನೆ ಎಂದು ಬಾಯಿಬಿಟ್ಟು ಯಾಕೆ ಹೇಳಬೇಕು? ಹುಲಿಗೆವ್ವ ಮಾತ್ರ ದಿನಾ ತನ್ನ ತಾಯಿಗೆ, “ಬರ್ತೀನಿ” ಎನ್ನುತ್ತಿದ್ದಳು. ಒಳಗಿನಿಂದ “ಬಾ” ಎಂದು ಉತ್ತರ ಬರುವವರೆಗೂ ಹೊಸ್ತಿಲು ದಾಟುತ್ತಿರಲಿಲ್ಲ. ಊರಲ್ಲಿ “ಬಾ” ಎನ್ನುತ್ತಿದ್ದವರು ಇನ್ನೊಬ್ಬರಿದ್ದರು: ನಮ್ಮವ್ವ. ನಾನು “ಹೊಕ್ಕೀನಿ” ಎಂದು ಬೀಸಿ ನಡೆದರೆ ಹಿಂದಿನಿಂದ, ನಾನು ಹೇಳದೇ ಇದ್ದ ಮಾತಿಗೆ ಉತ್ತರ ಕೊಡುವ ಹಾಗೆ, “ಬಾ” ಎನ್ನುತ್ತಿದ್ದಳು. ಗೆಳೆಯರ ಎದುರು ನನಗೆ ನಾಚಿಕೆಯಾಗುತ್ತಿತ್ತು.

ಆಚೆ ಊರಿನ ಮಾಬುಸಾಬ ಹದಿನೈದು ದಿನಕ್ಕೊಮ್ಮೆ ಬಳೆಪೆಟ್ಟಿಗೆ ಹೊತ್ತು ಬರುತ್ತಿದ್ದರು. ಒಂದು ಶನಿವಾರ ಅವರು ನನ್ನ ಹರಿಗೋಲು ಹತ್ತಿದರು. ದಂಡೆಯ ಮೇಲೆ ಗೆಳೆಯರಿದ್ದರು, ನಾನು ಒಂಟಿಕಾಲಲ್ಲಿ ನಿಂತು ಹುಟ್ಟು ಹಾಕುತ್ತೇನೆಂದು ಪಂಥ ಕಟ್ಟಿದ್ದೆ. ಮಡುವಿನ ಹತ್ತಿರ ಬಂಡೆಗೆ ಬಡಿದು ಹರಿಗೋಲು ಮಗುಚಿತು. ನನ್ನನ್ನು ಹೊಳೆ ಎಂದಿನ ಹಾಗೆ ಒದ್ದು ದಡಕ್ಕೆ ಎಸೆಯಿತು. ಭುಜದ ಎಲುಬು ಮುರಿಯಿತು, ಅಷ್ಟೆ. ಮಾಬುಸಾಬ ಮುಳುಗಿದರು. ಊರೆಲ್ಲ ನೋಡುತ್ತ ನಿಂತಿತ್ತು. ಹುಲಿಗೆವ್ವ ಎಲ್ಲಿಂದಲೋ ಧುಮುಕಿ ಅವರ ಅಂಗಿಯ ಕೊರಳು ಹಿಡಿದು ಎಳೆತಂದಳು. ಹೊಟ್ಟೆ ಒತ್ತಿ ನೀರು ಕಕ್ಕಿಸಿದ ಮೇಲೆ ಮಾಬುಸಾಬ ಕಣ್ಣು ಬಿಟ್ಟು ಹೇಳಿದ ಮೊದಲ ಮಾತು: “ನಿಮ್ದು ಯಾವ ವಾರ ಅಂತ ಇನ್ನ ಯಾರೂ ಕೇಳಬ್ಯಾಡ್ರಪಾ ನನಗ. ಅರ್ಧ ಸತ್ತೀನಿ, ಅರ್ಧಾ ಶನಿವಾರ ಅಂತ ಬರ್ಕೊಳ್ರಿ.”

ಎಲ್ಲರೂ ನಕ್ಕರು. ನಾನೂ ಭುಜ ಹಿಡಿದುಕೊಂಡು ನಕ್ಕೆ. ಹುಲಿಗೆವ್ವ ನಗಲಿಲ್ಲ.

“ನಿನಗ ವಾರ ಐತಿ ದ್ಯಾಮಣ್ಣ. ಅವರಿಗೆ ಇಲ್ಲ,” ಎಂದಳು.

“ಅದು ಅವರ ಹಣೇಬಾರ,” ಎಂದೆ ನಾನು.

ಬಳೆಪೆಟ್ಟಿಗೆ ದಂಡೆಗೆ ಬಂದು ಒಡೆದಿತ್ತು. ಅವಳು ಕೂತು ಮರಳಿನಲ್ಲಿ ಬಿದ್ದ ಗಾಜಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಳ್ಳತೊಡಗಿದಳು, ಯಾರ ಕಾಲಿಗೂ ಚುಚ್ಚಬಾರದೆಂದು. ಆಮೇಲೆ ಮಾಬುಸಾಬ ಮಾತ್ರವಲ್ಲ, ಆಚೆಯಿಂದ ಬರುವವರೆಲ್ಲ ಎಷ್ಟು ಹೊತ್ತಾದರೂ ಅವಳಿಗಾಗಿಯೇ ಕಾಯತೊಡಗಿದರು.

ಅವ್ವನದು ಮಂಗಳವಾರ. ಆ ವರ್ಷ ಚಳಿಗಾಲದಲ್ಲಿ ಅವಳಿಗೆ ಕೆಮ್ಮು ಹತ್ತಿ ಇಳಿಯಲೇ ಇಲ್ಲ. ಒಂದು ಮಂಗಳವಾರ ಮಧ್ಯಾಹ್ನ ಅವಳ ಅಂಗಾಲಿಗೆ ನಾನು ಎಣ್ಣೆ ತಿಕ್ಕುತ್ತಿದ್ದೆ. ಬಾಗಿಲಿನಿಂದ ಬಿಸಿಲು ಜಮಖಾನದ ಅಂಚಿನವರೆಗೆ ಬಂದಿತ್ತು. ಅವಳು ಅದನ್ನೇ ನೋಡುತ್ತ, “ದ್ಯಾಮ, ಬೇಸ್ತವಾರ ನಾ ಇಟ್ಟದ್ದು” ಎಂದಳು.

“ಏನಿಟ್ಟಿ?”

“ನಿನ್ನ ವಾರ. ನೀ ಏಳೂ ದಿನ ಅತ್ತೀಪಾ. ಒಂದಿನಾನೂ ಬಾಯಿ ಮುಚ್ಚಲಿಲ್ಲ. ಏಳನೇ ದಿನಾ ಸಂಜೀತನಾ ಕಾದೆ. ಈಗ ಸುಮ್ನಾಗ್ತಾನ, ಈಗ ಸುಮ್ನಾಗ್ತಾನ ಅಂತ. ಕಿರಚಿ ಕಿರಚಿ ಮಕಾ ಕೆಂಪಗ ಮಾಡ್ಕೊಂಡು ಮಲಗಿದ್ದಿ.”

ನನ್ನ ಕೈ ಅವಳ ಪಾದದ ಮೇಲೆ ನಿಂತಿತು. ಕೆಮ್ಮಿನ ಜ್ವರದಲ್ಲಿ ಏನೋ ಬಡಬಡಿಸುತ್ತಿದ್ದಾಳೆ ಎಂದುಕೊಂಡೆ. ಆದರೆ ಅವಳ ಕಣ್ಣು ತಿಳಿಯಾಗಿತ್ತು.

“ಮತ್ತ ಬೇಸ್ತವಾರ ಯಾಕ?”

“ನಿಮ್ಮಪ್ಪಂದು ಬೇಸ್ತವಾರ ಇತ್ತಲ್ಲ. ಇಬ್ಬರೂ ಒಂದ ಜಮಖಾನದ ಮ್ಯಾಲ ಕುಂತ್ರ ನನಗ ನೋಡ್ಕೊಳ್ಳಾಕ ಸಲೀಸು ಅಂತ.” ನಕ್ಕಳು, ನಕ್ಕದ್ದಕ್ಕೆ ಕೆಮ್ಮು ಬಂತು. “ಆ ಹುಲಿಗೆವ್ವನ್ನ ಊರು ಹೆಂಗ ನಡಸ್ಕೊಂತು ಅಂತ ಕಣ್ಣಾರೆ ನೋಡಿದ್ದೆ. ಮೂರು ವರ್ಷದ ಕೂಸು, ಅದನ್ನ ಯಾರೂ ಎತ್ಕೊಳ್ತಿರಲಿಲ್ಲ. ನಿನಗ ಹಂಗಾಗಬಾರ್ದು ಅಂತ ಬಾಯಿಗೆ ಬಂದದ್ದು ಹೇಳಿಬಿಟ್ಟೆ.”

ನಾನು ಮತ್ತೆ ಎಣ್ಣೆ ತಿಕ್ಕತೊಡಗಿದೆ. ಅವಳೇ ಮುಂದುವರಿಸಿದಳು: “ಬೇಸ್ತವಾರ ಬಂದ್ರ ದ್ಯಾಮನ ತಾಯಿ ಹೆದರಿ ನಡಗ್ತಾಳ ಅಂತಿದ್ರು ಮಂದಿ. ಬೇಸ್ತವಾರ ಒಂದಿನಾನ ನಾ ಆರಾಮ ಇರ್ತಿದ್ದೆ. ನೀ ಮನ್ಯಾಗ ಇರ್ತಿದ್ದೆಲ್ಲ. ಉಳಿದ ಆರೂ ದಿನ ನನ್ನ ಜೀವ ಹೊಳ್ಯಾಗ.”

ದೀಪ ಹಚ್ಚುವ ಮೊದಲೇ ಅವ್ವ ಹೋದಳು. ಊರವರು ಬಂದು, ವಾರಕ್ಕೆ ಸರಿಯಾಗಿ ಹೋದಳು ಎಂದರು.

ದಿನಕಾರ್ಯವೆಲ್ಲ ಮುಗಿದು ಮೊದಲ ಸಲ ಕೆಲಸಕ್ಕೆ ಹೊರಟದ್ದು ಒಂದು ಶುಕ್ರವಾರ. ಹುಟ್ಟು ಹೆಗಲಿಗೇರಿಸಿ ಹೊಸ್ತಿಲ ಹತ್ತಿರ ಬಂದೆ. ಎದುರಿಗೆ ಬೇವಿನಮರ. ಅದರ ಒಂದು ಟೊಂಗೆ ಒಣಗಿದೆ ಎಂದು ಅವತ್ತೇ ನೋಡಿದ್ದು. ಅದರ ಕೆಳಗೆ ನಾಯಿ, ಬಾಯಲ್ಲಿ ಜೊಲ್ಲು. ಅದರಾಚೆ ಕಟ್ಟೆ ಇಲ್ಲದ ಬಾವಿ. ಇಪ್ಪತ್ತಾರು ವರ್ಷ ನಾನು ಈ ದಾರಿಯಲ್ಲಿ ಕಣ್ಣು ಮುಚ್ಚಿ ನಡೆದಿದ್ದೆ. ಮರದ ತುದಿಯಿಂದ ಧುಮುಕಿದ್ದೆ, ಸುಳಿಯಲ್ಲಿ ಹರಿಗೋಲು ತಿರುಗಿಸಿ ಕೇಕೆ ಹಾಕಿದ್ದೆ. ಅವುಗಳಲ್ಲಿ ಪ್ರತಿಯೊಂದು ದಿನವೂ ನನ್ನ ದಿನವಾಗಬಹುದಿತ್ತು. ಒಂದೊಂದೇ ನೆನಪಾಯಿತು. ಹುಟ್ಟನ್ನು ಗೋಡೆಗೆ ಆನಿಸಿ ಜಮಖಾನದ ಮೇಲೆ ಬಂದು ಕೂತೆ.

ಮಧ್ಯಾಹ್ನ ನಾಗಪ್ಪ ಕಾಕಾ ಹುಡುಕಿಕೊಂಡು ಬಂದ. “ಯಾಕಲೇ, ಸುಕ್ರಾರ ಕುಂತೀಯಲ್ಲ? ನಿನ್ನ ವಾರ ನಿನ್ನಿಗೇ ಮುಗೀತು.”

“ಹೊಟ್ಟಿ ನೋಯ್ತದ ಕಾಕಾ.”

“ಹೊಟ್ಟಿ ನೋವಿಗೆ ಯಾರಾರ ಕೂರ್ತಾರೇನು? ನಾ ಬುರುಡಿ ಒಡಕೊಂಡು ಹುಟ್ಟು ಹಾಕೀನಿ!” ಎಂದು ಒಂಟಿ ಕಿವಿ ತುರಿಸಿಕೊಳ್ಳುತ್ತ ಹೋದ.

ನಾಲ್ಕನೆಯ ದಿನ ಗೋಡೆ ಹಿಡಿದುಕೊಂಡು, ಬೇವಿನಮರವನ್ನು ಬಳಸಿಕೊಂಡು ಹುಲಿಗೆವ್ವನಲ್ಲಿಗೆ ಹೋದೆ. ಅವಳು ಊರ ಕಡವಿಗಿಂತ ಮೇಲೆ, ಹುಣಸೆಮರದ ಹತ್ತಿರ ಹರಿಗೋಲು ಬೋರಲು ಹಾಕಿ ತಳಕ್ಕೆ ಬಿಸಿ ಡಾಂಬರು ಬಳಿಯುತ್ತಿದ್ದಳು. ಏನು ಕೇಳಬೇಕೆಂದು ತಿಳಿಯದೆ, “ನೀ ದಿನಾ ಹೊರಗ ಹೆಂಗ ಬರ್ತಿ?” ಎಂದೆ.

ಅವಳು ನಾನು ಕಾಲು ಊರಿದ ರೀತಿ ನೋಡಿದಳು. “ನಿಮ್ಮವ್ವ ಹೇಳಿದ್ಲಾ?”

“ನಿನಗ ಗೊತ್ತಿತ್ತಾ?”

“ಎರಡು ವರ್ಷದ ಹಿಂದ ಬಂದಿದ್ಲು. ದ್ಯಾಮಗ ಈಜು ಕಲಸ್ತಿಯೇನವಾ ಅಂದ್ಲು. ಬೇಸ್ತವಾರದವಂಗ ಈಜು ಯಾಕ ಬೇ ಅಂದೆ. ಹೇಳಲಿಲ್ಲ, ನಿಂತು ಅತ್ಲು. ತಿಳೀತು.” ಬ್ರಷ್ಷನ್ನು ಡಾಂಬರಿನಲ್ಲಿ ಅದ್ದಿದಳು. “ನೀ ಕೇಳೂ ಪೈಕಿ ಇರಲಿಲ್ಲ ಬಿಡು. ಒಂಟಿಗಾಲಾಗ ಕುಣೀತಿದ್ದಿ.”

“ಈ ಹೆದರಿಕಿ ಯಾವಾಗ ಹೋಗ್ತದ ಹುಲಿಗೆವ್ವಾ?”

“ಹೋಗೂದಿಲ್ಲ.”

“ಮತ್ತ?”

“ಕೈಗೆ ಕೆಲಸ ಕೊಡು. ಇಲ್ಲಿ ಬಾ, ಈ ಬದಿ ನೀ ಬಳಿ.”

ಬಳಿದೆ. ಬೆರಳು ಸುಟ್ಟುಕೊಂಡೆ. ಆದರೆ ಆ ಬದಿ ಮುಗಿಯುವವರೆಗೆ ಹೆದರಿಕೆ ನೆನಪಾಗಲಿಲ್ಲ.

ಎಂಟು ತಿಂಗಳು ದಿನಾ ಬೆಳಕು ಹರಿಯುವ ಹೊತ್ತಿಗೆ ಹುಣಸೆಮರದ ಹತ್ತಿರ ಹೋಗುತ್ತಿದ್ದೆ. ನನ್ನ ಜೀವನದ ಒಳ್ಳೆಯ ದಿನಗಳು ಯಾವುವು ಎಂದು ಕೇಳಿದರೆ ಮೊದಲು ಅಪ್ಪನೆದುರು ಹುಲಿಕಟ್ಟು ಆಡಿದ ಬೇಸ್ತವಾರಗಳು, ಆಮೇಲೆ ಇವು. ಒಣಗಿಸಿದ ಸೋರೆಬುರುಡೆ ಎರಡನ್ನು ಸೊಂಟಕ್ಕೆ ಕಟ್ಟಿ ಅವಳು ನನ್ನನ್ನು ನೀರಿಗೆ ಇಳಿಸುತ್ತಿದ್ದಳು. ನಾನು ಬಂಡೆ ಕಂಡರೆ ಕಿರುಚುತ್ತಿದ್ದೆ. “ಹುಟ್ಟಿದಾಗಿನ ಹಂಗ ಈಗೂ ಅಳಬ್ಯಾಡ, ಕಾಲು ಬಡಿ” ಎನ್ನುತ್ತಿದ್ದಳು. ನೀರಿನ ಬಣ್ಣ ನೋಡಿ ಆಳ ಹೇಳುವುದು, ನೊರೆ ನೋಡಿ ಅಡಿಯ ಕಲ್ಲು ಹೇಳುವುದು, ಹಗ್ಗದ ಒಂದೊಂದು ಎಳೆಯನ್ನೂ ಬೆರಳಲ್ಲಿ ಸವರಿ ಹಳತಾದದ್ದನ್ನು ಗುರುತಿಸುವುದು, ಗಂಟು ಹಾಕಿ ಎರಡು ಸಲ ಜಗ್ಗುವುದು. ಒಂದು ದಿನ ನಾನು ಹಾಕಿದ ಗಂಟನ್ನು ಅವಳು ಏಳನೆಯ ಸಲ ಬಿಚ್ಚಿಸಿದಾಗ ಸಿಟ್ಟು ಬಂತು.

“ಇಷ್ಟೆಲ್ಲಾ ಮಾಡೀನೂ ಬರೂದು ಬಂದ್ರ ಏನ್ ಮಾಡ್ತಿ?”

“ಬಂದ್ರ ಬಂತು. ನಮ್ಮ ಗಂಟು ಬಿಚ್ಚಿ ಬರಬಾರ್ದು, ಅಷ್ಟ.”

ಎಂಟನೆಯ ಸಲ ಗಂಟು ಹಾಕಿದೆ. ಅವಳು ಜಗ್ಗಿ ನೋಡಿದಳು, ಇನ್ನೊಮ್ಮೆ ಜಗ್ಗಿ ನೋಡಿದಳು, ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ನನಗೆ ಕೊಟ್ಟಳು.

ಊರಿಗೆ ನಾನು ಏನೂ ಹೇಳಲಿಲ್ಲ. ದ್ಯಾಮಣ್ಣ ಏಳುವಾರದಾಕಿಯ ಹಿಂದೆ ಬಿದ್ದಾನೆ ಎಂದು ಗೆಳೆಯರು ಛೇಡಿಸುತ್ತಿದ್ದರು, ಅದು ಅರ್ಧ ನಿಜವೂ ಆಗಿತ್ತು. ಪೂರ್ತಿ ನಿಜ ಹೇಳಿದರೆ ನನ್ನ ಹರಿಗೋಲು ಹತ್ತುವವರು ಇರುತ್ತಿರಲಿಲ್ಲ, ನಮ್ಮವ್ವನ ಹೆಸರು ಊರ ಬಾಯಿಗೆ ಬೀಳುತ್ತಿತ್ತು. ಬೇಸ್ತವಾರ ಬಂದಾಗ ಒಬ್ಬನೇ ಜಮಖಾನ ಹಾಸಿಕೊಂಡು ಕೂರುತ್ತಿದ್ದೆ. ಬಾಗಿಲಲ್ಲಿ ಹಾದುಹೋಗುವವರು ಎಂದಿನಂತೆ ದನಿ ತಗ್ಗಿಸಿ ಮಾತಾಡುತ್ತಿದ್ದರು. ಆ ಮರ್ಯಾದೆಗೆ ನಾನು ಅರ್ಹನಲ್ಲ ಎಂದು ಗೊತ್ತಿದ್ದೂ ಬಿಡಲು ಮನಸ್ಸಾಗುತ್ತಿರಲಿಲ್ಲ.

ಶ್ರಾವಣದ ಒಂದು ಬುಧವಾರ ಬೆಳಿಗ್ಗೆ ಹೊಳೆ ಇದ್ದಕ್ಕಿದ್ದಂತೆ ಕೆಂಪಗಾಗಿ ಉಬ್ಬಿತು. ಮೇಲೆ ಎಲ್ಲೋ ಭಾರೀ ಮಳೆಯಾಗಿರಬೇಕು. ಹುಲಿಗೆವ್ವ ಆಚೆ ದಡದಿಂದ ಮಾಬುಸಾಬರನ್ನು ಕರೆದುಕೊಂಡು ಹೊರಟಾಗಿತ್ತು. ನಡುಹೊಳೆಯಲ್ಲಿ ತೇಲಿಬಂದ ಮರವೊಂದು ಹರಿಗೋಲಿಗೆ ಬಡಿದು ಸೀಳಿತು. ಇಬ್ಬರೂ ಹೇಗೋ ಆನೆಗುಂಡು ಹತ್ತಿದರು. ನಡುಹೊಳೆಯ ಆ ಬಂಡೆ ಬೇಸಿಗೆಯಲ್ಲಿ ಎರಡಾಳು ಎತ್ತರ ಕಾಣುತ್ತದೆ. ಅವತ್ತು ಒಂದು ಮಂಚದಷ್ಟು ಉಳಿದಿತ್ತು. ನಾನು ಕಡವಿಗೆ ಓಡಿಬಂದಾಗ ಊರೆಲ್ಲ ನೆರೆದಿತ್ತು. ಮಧ್ಯಾಹ್ನದ ಹೊತ್ತಿಗೆ ಬಂಡೆ ಮುಳುಗುತ್ತದೆ ಎಂದು ಎಲ್ಲರಿಗೂ ಕಾಣುತ್ತಿತ್ತು. ಅಲ್ಲಿದ್ದ ಇಬ್ಬರಿಗೂ ವಾರವಿರಲಿಲ್ಲ. ಆ ನೀರಿನಲ್ಲಿ ಅವಳ ಈಜೂ ನಡೆಯುತ್ತಿರಲಿಲ್ಲ.

ನನಗಿಂತ ಮೊದಲೇ ಸೋಮವಾರದ ಅಣ್ಣತಮ್ಮಂದಿರಿಬ್ಬರು ಹರಿಗೋಲು ನೀರಿಗೆ ಎಳೆದು ಹಾರಿ ಹತ್ತಿದ್ದರಂತೆ. ಹೊಳೆ ಅವರನ್ನು ಮೂರು ಸುತ್ತು ತಿರುಗಿಸಿ ಆನೆಗುಂಡಿನ ಹತ್ತಿರಕ್ಕೂ ಬಿಡದೆ ತೆಗೆದುಕೊಂಡು ಹೋಗಿತ್ತು. “ಸಾಯೂದಿಲ್ಲ ಬಿಡ್ರಿ, ನಾಡದು ಬರ್ತಾರ” ಎಂದಳು ಅವರ ತಾಯಿ, ಎಲೆ ಮಡಿಸುತ್ತ. ಅವಳು ಹೇಳಿದ್ದು ನಿಜ. ಮೂರನೆಯ ದಿನ ಒಬ್ಬ ಇನ್ನೊಬ್ಬನ ಮುರಿದ ಕಾಲಿಗೆ ದಬ್ಬೆ ಕಟ್ಟಿಸಿ ಕರೆತಂದನಂತೆ. ಸಾಯದೇ ಇರುವುದೊಂದೇ ಗೊತ್ತಿದ್ದವರು ಆ ಬಂಡೆಯನ್ನು ಮುಟ್ಟಲಾರರು. ಮುಟ್ಟುವುದಕ್ಕೆ ಬೇರೆ ಏನೋ ಬೇಕಿತ್ತು.

ನಾಗಪ್ಪ ಕಾಕಾನದು ಬುಧವಾರ. ಅವತ್ತು ಅವನು ಹೊಳೆಗೆ ಎದುರಾಗಿದ್ದ ತನ್ನ ಮನೆಯ ಕಟ್ಟೆಯ ಮೇಲೆ ಜಮಖಾನ ಹಾಸಿಕೊಂಡು ವಾರ ಕೂತಿದ್ದ. ಅಲ್ಲಿಂದಲೇ ಕೂಗಿದ: “ದ್ಯಾಮ, ನೀ ಹೋಗಲೇ! ಆಕಿ ಕಡೆ ಕಲ್ತೀಯಂತ ಊರಿಗೆಲ್ಲ ಗೊತ್ತೈತಿ. ನಿನ್ನ ವಾರ ನಾಳಿಗೆ ಐತಿ, ಯಾಕ ನಿಂತಿ?”

ನಾನು ಆನೆಗುಂಡಿನ ಕಡೆ ನೋಡಿದೆ. ಹುಲಿಗೆವ್ವ ಕೈ ಬೀಸುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಮಾಬುಸಾಬರನ್ನು ಸೆರಗಿನಿಂದ ತನ್ನ ನಡುವಿಗೆ ಕಟ್ಟಿಕೊಂಡು ನೀರನ್ನೇ ನೋಡುತ್ತ ನಿಂತಿದ್ದಳು.

ನಾನು ನನ್ನ ಹರಿಗೋಲನ್ನು ಬೋರಲು ಹಾಕಿ ತಳ ಸವರಿದೆ. ಹುಣಸೆಮರದವರೆಗೆ ಹೊತ್ತುಕೊಂಡು ಹೋದೆ, ಮೇಲಿನಿಂದ ಬಿಟ್ಟರೆ ಮಾತ್ರ ನೀರು ಆನೆಗುಂಡಿನ ಕಡೆ ತಳ್ಳುತ್ತದೆ. ಊರೂ ಹಿಂದೆಯೇ ಬಂತು. ಉದ್ದನೆಯ ಹಗ್ಗ ತೆಗೆದು ಬೆರಳಲ್ಲಿ ಎಳೆ ಎಳೆ ನೋಡತೊಡಗಿದೆ. “ಅಲ್ಲೆ ಆನೆಗುಂಡು ಮುಳಗಾಕತ್ತೈತಿ, ಇಂವ ಹಗ್ಗದ ಪೂಜಿ ಮಾಡಾಕತ್ತಾನ!” ಎಂದು ಯಾರೋ ಬೈದರು. ಹಗ್ಗವನ್ನು ಹರಿಗೋಲಿಗೆ ಕಟ್ಟಿದೆ. ಎರಡು ಸಲ ಜಗ್ಗಿದೆ. ಆಮೇಲೆ ಪೊಟರೆಯಲ್ಲಿಟ್ಟಿದ್ದ ಸೋರೆಬುರುಡೆಗಳನ್ನು ತೆಗೆದು ಸೊಂಟಕ್ಕೆ ಕಟ್ಟಿಕೊಂಡೆ.

ಗದ್ದಲ ನಿಂತುಹೋಯಿತು. ಬೇಸ್ತವಾರದವನು ಬುಧವಾರ ಬುರುಡೆ ಕಟ್ಟಿಕೊಳ್ಳುವುದನ್ನು ಆ ಊರು ಕಂಡಿರಲಿಲ್ಲ. ಯಾರೋ ಒಬ್ಬರು ಕೇಳಿದರು: “ಅದ್ಯಾಕ ನಿನಗ?”

“ನನಗ ವಾರ ಇಲ್ಲ,” ಎಂದೆ. “ನಾ ಏಳೂ ದಿನ ಅತ್ತಿದ್ದೆನಂತ. ನಮ್ಮವ್ವ ಸುಳ್ಳು ಹೇಳಿದ್ಲು.”

ಹತ್ತಿರ ನಿಂತವರು ಎರಡು ಹೆಜ್ಜೆ ಹಿಂದೆ ಸರಿದರು. ಬೇಕೆಂದು ಸರಿದದ್ದಲ್ಲ, ಕಾಲುಗಳ ರೂಢಿ. ಹಗ್ಗದ ಇನ್ನೊಂದು ತುದಿ ಮರಕ್ಕೆ ಒಂದು ಸುತ್ತು ಬಂದು ನೆಲದ ಮೇಲೆ ಬಿದ್ದಿತ್ತು. ಅದನ್ನು ಹಿಡಿದು ಸ್ವಲ್ಪ ಸ್ವಲ್ಪವೇ ಸಡಿಲ ಬಿಡುವವರು ಬೇಕಿತ್ತು. ಏಳುವಾರದವನ ಹಗ್ಗವನ್ನು ಯಾರೂ ಮುಟ್ಟಲಿಲ್ಲ. ನಾನು ನೀರಿಗೆ ಬೆನ್ನು ಮಾಡಿ ನಿಂತೆ. ನನ್ನ ಊರು, ಎಲ್ಲ ಮುಖಗಳೂ ಗೊತ್ತಿದ್ದವು, ಎಲ್ಲರ ವಾರಗಳೂ ಗೊತ್ತಿದ್ದವು. ಜೀವನದಲ್ಲಿ ಮೊದಲ ಸಲ ಆ ಮಾತು ನನ್ನ ಬಾಯಿಂದ ಬಂತು.

“ಬರ್ತೀನಿ,” ಎಂದೆ.

ಯಾರೂ ಉತ್ತರ ಕೊಡಲಿಲ್ಲ. ಕೊಡಬೇಕೆಂದು ಅವರಿಗೆ ಗೊತ್ತಿರಲಿಲ್ಲ.

ಆಗ ಜನ ಬದಿಗೆ ಸರಿದರು. ನಾಗಪ್ಪ ಕಾಕಾ ಬರುತ್ತಿದ್ದ. ಬುಧವಾರ, ತನ್ನ ಜಮಖಾನ ಬಿಟ್ಟು, ಕಟ್ಟೆ ಇಳಿದು, ಕೆಸರಿನ ಜಾರುದಾರಿಯಲ್ಲಿ ಒಂದೊಂದೇ ಹೆಜ್ಜೆ ನೋಡಿ ಇಡುತ್ತ. ಅಷ್ಟು ಜೋಪಾನವಾಗಿ ನಡೆದದ್ದನ್ನು ನಾನು ಎಂದೂ ನೋಡಿರಲಿಲ್ಲ. ಹಿಂದಿನಿಂದ ಅವನ ಹೆಂಡತಿ ಎದೆ ಬಡಿದುಕೊಂಡು ಕೂಗುತ್ತಿದ್ದಳು. ಅವನು ನೆಲದ ಮೇಲಿದ್ದ ಹಗ್ಗದ ತುದಿ ಎತ್ತಿ ಕೈಗೆ ಸುತ್ತಿಕೊಂಡು ಮೊಣಕಾಲ ನೀರಿಗೆ ಇಳಿದ.

“ನಿಮ್ಮವ್ವ ದಿನಾ ಏನಂತಿದ್ಲು?” ಎಂದ. “ಬಾ ಅಂತಿದ್ಲಲ್ಲ? ಬಾರಪಾ. ಹೋಗಿ ಬಾ.”

ಆಮೇಲೆ ಇನ್ನೂ ನಾಲ್ಕು ಕೈಗಳು ಹಗ್ಗಕ್ಕೆ ಬಂದವು. ಯಾರವೆಂದು ನೋಡಲಿಲ್ಲ, ಹರಿಗೋಲು ಬಿಟ್ಟಾಗಿತ್ತು.

ಆ ಹೊಳೆಯ ಬಗ್ಗೆ ಹೆಚ್ಚು ಹೇಳಲಾರೆ. ಹೆದರಿದ್ದೆ, ಹೆದರಿದ್ದರಿಂದಲೇ ಪ್ರತಿಯೊಂದು ನೊರೆಯೂ ಕಾಣುತ್ತಿತ್ತು. ಆನೆಗುಂಡಿಗೆ ತಾಗಿದಾಗ ಅದರ ಮೇಲೆ ಪಾದ ಮುಳುಗುವಷ್ಟು ನೀರು ಹರಿಯುತ್ತಿತ್ತು. ಮಾಬುಸಾಬ ಬಳೆಪೆಟ್ಟಿಗೆಯನ್ನು ತಲೆಯ ಮೇಲೆ ಎರಡೂ ಕೈಯಿಂದ ಹಿಡಿದುಕೊಂಡಿದ್ದರು. “ಈ ಸಲ ಪೆಟಗಿ ಬಿಡೂದಿಲ್ಲ”, ಹತ್ತುತ್ತಲೇ ಹೇಳಿದರು. ಮೂವರ ಭಾರಕ್ಕೆ ಹರಿಗೋಲು ಕುಸಿಯಿತು. ದಡದವರು ಜಗ್ಗಿದರು. ಪ್ರವಾಹಕ್ಕೆ ಎದುರಾಗಿ ಹರಿಗೋಲು ಬಾಗಿ ನೀರು ಒಳಗೆ ನುಗ್ಗಿತು. ಹಗ್ಗ ಇದ್ದರೆ ಮುಳುಗುತ್ತೇವೆ, ಬಿಟ್ಟರೆ ನೀರು ಆಚೆ ದಡಕ್ಕೆ ಒಯ್ಯಬಹುದು.

“ಗಂಟು ಬಿಚ್ಚು,” ಎಂದಳು ಹುಲಿಗೆವ್ವ.

ನಾನು ಬಗ್ಗಿ ಬಿಚ್ಚತೊಡಗಿದೆ. ಬಿಚ್ಚಲಿಲ್ಲ. ಅವಳೂ ಕೈ ಹಾಕಿದಳು. ನೀರು ಮೊಣಕಾಲಿಗೆ ಬಂತು. “ಎಷ್ಟು ಬಿಗಿ ಕಟ್ಟೀಯೋ ಮಾರಾಯಾ!” ಎಂದಳು ಹಲ್ಲಿನಿಂದ ಹಗ್ಗ ಎಳೆಯುತ್ತ. ಆ ದನಿಯಲ್ಲಿ ಬೈಗುಳಕ್ಕಿಂತ ಹೆಚ್ಚಿನದೇನೋ ಇತ್ತು. ಗಂಟು ಸಡಿಲಾಯಿತು. ಹಗ್ಗ ನೀರಿನ ಮೇಲೆ ಹಾವಿನಂತೆ ಹಿಂದಕ್ಕೆ ಓಡಿತು. ನಾನು ತಿರುಗಿ ನೋಡಿದಾಗ ನಾಗಪ್ಪ ಕಾಕಾ ಖಾಲಿ ಹಗ್ಗದ ತುದಿ ಹಿಡಿದು ನೀರಿನಲ್ಲಿ ನಿಂತಿದ್ದ, ಅದರಾಚೆ ಊರು ನಿಂತಿತ್ತು. ನಾನು ನನ್ನ ಊರನ್ನು ನೋಡಿದ್ದು ಅದೇ ಕೊನೆ.

ಅವಳು ಮುಂದೆ, ನಾನು ಹಿಂದೆ ಹುಟ್ಟು ಹಾಕಿದೆವು. ಮಾಬುಸಾಬ ಬಳೆಗಳನ್ನು ಮಡಿಲಿಗೆ ಸುರಿದುಕೊಂಡು ಪೆಟ್ಟಿಗೆಯಿಂದ ನೀರು ಮೊಗೆದರು. ಬಹಳ ಕೆಳಗೆ, ಆಚೆ ದಡದ ಕಬ್ಬಿನ ಗದ್ದೆಯೊಂದಕ್ಕೆ ಹೋಗಿ ಬಡಿದೆವು.

ಹೊಳೆ ಇಳಿಯಲು ಹನ್ನೊಂದು ದಿನ ಬೇಕಾಯಿತು. ಆ ಹನ್ನೊಂದು ದಿನ ಮಾಬುಸಾಬರ ಮನೆಯಲ್ಲಿದ್ದೆವು. ಅಲ್ಲಿ ಯಾರೂ ನಮ್ಮ ವಾರ ಕೇಳಲಿಲ್ಲ. ಹುಲಿಗೆವ್ವನ ಪಕ್ಕದಲ್ಲಿ ಹೆಂಗಸರು ಬಂದು ಕೂತರು, ಅವಳ ತೊಡೆಯ ಮೇಲೆ ಕೂಸು ಹಾಕಿ ನೀರಿಗೆ ಹೋದರು. ಅವಳು ಆ ಕೂಸನ್ನು ಹಿಡಿದುಕೊಂಡ ರೀತಿ ನೋಡಿ ನಾವು ವಾಪಸು ಹೋಗುವುದಿಲ್ಲ ಎಂದು ನನಗೆ ಗೊತ್ತಾಯಿತು. ಮದುವೆಯಾಗಿ ಹೊಳೆಯ ಕೆಳಗಡೆಯ ಈ ಊರಿನಲ್ಲೇ ಉಳಿದೆವು. ಅವಳ ತಾಯಿಯನ್ನು ಮಾಬುಸಾಬ ತಿಂಗಳ ಮೇಲೆ ಕರೆತಂದರು. ಊರ ಸುದ್ದಿಯನ್ನೂ ಅವರೇ ತರುತ್ತಿದ್ದರು. ನಾಗಪ್ಪ ಕಾಕಾ ಬುಧವಾರವೇ ಸತ್ತ, ಆದರೆ ಆ ಬುಧವಾರವಲ್ಲ. ಒಂಬತ್ತು ವರ್ಷದ ನಂತರದ ಒಂದು ಬುಧವಾರ. ಹುಣಸೆಮರದ ಹತ್ತಿರ ಮಕ್ಕಳಿಗೆ ಈಜು ಕಲಿಸಲು ಶುರುಮಾಡಿದ್ದನಂತೆ. ತನಗೇ ಬಾರದ ಈಜನ್ನು ಹೇಗೆ ಕಲಿಸಿದನೋ!

ಇಲ್ಲಿಯವರು ಮನೆ ಬಿಡುವಾಗ “ಹೋಗಿ ಬರ್ತೀನಿ” ಎನ್ನುತ್ತಾರೆ, ಚಪ್ಪಲಿ ಹುಡುಕುತ್ತ, ಬೀಗದ ಕೈ ಹುಡುಕುತ್ತ. ಒಳಗಿನವರು ಕೇಳಿಸಿಕೊಂಡರೋ ಇಲ್ಲವೋ ನೋಡುವುದಿಲ್ಲ. ಅದನ್ನು ಕೇಳಿದಾಗೆಲ್ಲ ನನಗೆ ಆರು ದಿನದ ನಮ್ಮ ಪೊಗರು ನೆನಪಾಗುತ್ತದೆ. ಮೋಡ ಕಟ್ಟಿದರೆ ಮುರಿದ ಭುಜ ನೋಯುತ್ತದೆ. ನಮಗೆ ಮಕ್ಕಳಾಗಲಿಲ್ಲ. ಬೇಸ್ತವಾರ ಬಂದರೆ ಹುಲಿಗೆವ್ವ ಕಡವಿಗೆ ಹೋಗುವ ಮೊದಲು ಕುಸುಬೆ ಎಣ್ಣೆ ಬೆಚ್ಚಗೆ ಮಾಡಿ ನನ್ನ ಅಂಗಾಲಿಗೆ ತಿಕ್ಕುತ್ತಾಳೆ. ಬೇಡವೆಂದರೆ, “ಸುಳ್ಳಾದ್ರೂ ನಿಮ್ಮವ್ವ ಕೊಟ್ಟ ವಾರ, ಸುಮ್ನ ಕುಂದ್ರು” ಎನ್ನುತ್ತಾಳೆ.

ಇವತ್ತು ಬೇಸ್ತವಾರ. ಬೆಳಿಗ್ಗೆ ಏನೋ ಸಣ್ಣ ಮಾತಿಗೆ ನಾನು ಮುನಿಸಿಕೊಂಡಿದ್ದೆ. ಅವಳು ಎಣ್ಣೆ ಕೈ ಒರೆಸಿಕೊಂಡು, ಹುಟ್ಟು ಎತ್ತಿಕೊಂಡು, ಬಾಗಿಲಲ್ಲಿ ನಿಂತು “ಬರ್ತೀನಿ” ಎಂದಳು. ನಾನು ಗೋಡೆ ನೋಡುತ್ತ ಕೂತೆ. ಅವಳು ಕದಲಲಿಲ್ಲ. ಕಡವಿನಿಂದ ಜನ ಕೂಗುತ್ತಿದ್ದರು. ಅವಳ ಕೂದಲು ಮುಕ್ಕಾಲು ಬೆಳ್ಳಗಾಗಿದೆ. ಹೊಳೆಯ ಕಡೆಗಿನ ಬೆಳಕಿನಲ್ಲಿ ಅಷ್ಟು ಹೊತ್ತು ನಿಂತೇ ಇದ್ದಳು.

“ಬಾ,” ಎಂದೆ.

ಈಗ ಮಧ್ಯಾಹ್ನವಾಗಿದೆ. ಮೋಡ ಕಟ್ಟಿದೆ, ಹೊಳೆಯ ಬಣ್ಣ ಬೆಳಗಿನಿಂದ ಸ್ವಲ್ಪ ಬದಲಾಗಿದೆ. ಹಗ್ಗವನ್ನು ನಿನ್ನೆ ನಾನೇ ನೋಡಿದ್ದೆ. ಗಂಟು ನಾನೇ ಹಾಕಿದ್ದೆ, ಎರಡು ಸಲ ಜಗ್ಗಿದ್ದೆ. ರೊಟ್ಟಿ ಮಾಡಿ ಬುಟ್ಟಿಯಲ್ಲಿ ಮುಚ್ಚಿಟ್ಟು, ಬಾಗಿಲು ತೆರೆದಿಟ್ಟು, ಹೊಸ್ತಿಲ ಮೇಲೆ ಕೂತಿದ್ದೇನೆ.